ಚಂದ್ರಹಾಸನ ಆರನೆಯ ಬೆರಳು: ಮಾಯಾಕಥೆಯನ್ನು ದೂರುವವರಿಗೆ ಉತ್ತರ

ಹದಿಹರೆಯದ ಓದುಗರಿಗಾಗಿ ಬರೆಯುವ ಮಾಯಾಕಥೆಗಳ ಬಗ್ಗೆ ಕನ್ನಡದ ಓದುವ ವರ್ಗದಲ್ಲಿ ಒಂದು ಅಭಿಪ್ರಾಯ ಬಹುಕಾಲದಿಂದ ಬೇರುಬಿಟ್ಟಿದೆ. ಅದನ್ನು ಸಾಧಿಸಿ ತೋರಿಸುವ ಗೋಜಿಗೆ ಯಾರೂ ಹೋಗಿಲ್ಲ, ಎದುರಿಸಿದವರೂ ಕಡಿಮೆ, ಹೀಗಾಗಿ ಅದು ತೀರ್ಮಾನವಾದ ಸಂಗತಿಯಂತೆ ನಡೆದುಕೊಂಡು ಬಂದಿದೆ. ಮಂತ್ರ, ಶಾಪ, ಭವಿಷ್ಯವಾಣಿಗಳ ನಡುವೆ ಯಾರ ಲೆಕ್ಕದಲ್ಲೂ ಇಲ್ಲದ ಹುಡುಗನೊಬ್ಬ ನಾಯಕನಾಗಿ ಬೆಳೆಯುವ ಕಥೆ 1997ರಲ್ಲಿ ಹ್ಯಾರಿ ಪಾಟರನ ಹೆಗಲೇರಿ ಇಂಗ್ಲಿಷಿನಿಂದ ಬಂದ ಸರಕು ಎಂಬುದು ಆ ಅಭಿಪ್ರಾಯದ ಮೊದಲ ಮಾತು. ಎಳೆಯ ಮಕ್ಕಳನ್ನು ಮಲಗಿಸಲು ಅಜ್ಜಿಕಥೆಯಾಗಿ ಅದು ನಡೆದೀತು, ಹನ್ನೆರಡು ದಾಟಿದವರಿಗೆ ಅದು ವಾಸ್ತವದಿಂದ ತಪ್ಪಿಸಿಕೊಳ್ಳುವ ದಾರಿ, ಮೂಢನಂಬಿಕೆಗೆ ಹದ ಮಾಡಿದ ನೆಲ ಎಂಬುದು ಎರಡನೆಯದು. ಯಾದಗಿರಿಯಂಥ ಹಿಂದುಳಿದ ಜಿಲ್ಲೆಯ ಮಕ್ಕಳಿಗಂತೂ ಅದು ದುಬಾರಿ ಹವ್ಯಾಸ ಎಂಬುದು ಮೂರನೆಯದು. ಈ ಮೂರೂ ಮಾತುಗಳು ತಪ್ಪು, ಮತ್ತು ಅವು ಹೇಗೆ ತಪ್ಪೆಂದು ತಿಳಿಯಲು ಅದೇ ಜಿಲ್ಲೆಯ ಸುರಪುರಕ್ಕೆ ಹತ್ತಿಕೊಂಡಿರುವ ರಂಗಂಪೇಟೆಯಿಂದ ಬಹಳ ದೂರ ಹೋಗುವ ಅಗತ್ಯವೂ ಇಲ್ಲ.

ಇಲ್ಲಿ ಮಾಯಾಕಥೆ ಎನ್ನುವಾಗ, ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂದು ಕರೆಯುವ ಬರವಣಿಗೆಯನ್ನು, ಅಂದರೆ ಲೋಕದ ನಿಯಮಗಳನ್ನು ಮೀರಿದ ಶಕ್ತಿಯೊಂದು ಉಂಟೆಂದು ಕಥೆಯ ಮಟ್ಟಿಗೆ ಒಪ್ಪಿಕೊಂಡು, ಆಮೇಲೆ ಆ ಶಕ್ತಿಗೂ ತನ್ನದೇ ಆದ ಕಟ್ಟುಪಾಡು ಹಾಕಿ, ಆ ಕಟ್ಟುಪಾಡಿನೊಳಗೆ ಮನುಷ್ಯರ ನಡತೆಯನ್ನು ಪರೀಕ್ಷಿಸುವ ಕಥನವನ್ನು ಉದ್ದೇಶಿಸಿದೆ. ಕಟ್ಟುಪಾಡು ಎಂಬುದೇ ಇದರ ಜೀವಾಳ. ಏನು ಬೇಕಾದರೂ ನಡೆಯಬಹುದಾದ ಕಥೆಯಲ್ಲಿ ಯಾವುದಕ್ಕೂ ಬೆಲೆ ಇರುವುದಿಲ್ಲವೆಂಬುದನ್ನು ಮಾಯಾಕಥೆ ಬರೆಯುವವರು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ಅರ್ತ್‌ಸೀ ದ್ವೀಪಗಳ ಮಾಂತ್ರಿಕನ ಕಾದಂಬರಿಯಲ್ಲಿ ಒಂದು ಕಡೆ ಗಾಳಿ ತಿರುಗಿಸಿದರೆ ಇನ್ನೊಂದು ಕಡೆಯ ಸಮತೋಲ ತಪ್ಪುತ್ತದೆ, ಮತ್ತು ಜಂಬಕ್ಕೆ ಮಂತ್ರ ಹಾಕಿದ ಹುಡುಗ ತಾನೇ ಬಿಡಿಸಿಬಿಟ್ಟ ನೆರಳಿಗೆ ಅಂಜಿ ಊರೂರು ಅಲೆಯಬೇಕಾಗುತ್ತದೆ.

ಇದು ಹೊರಗಿನಿಂದ ಬಂದದ್ದು ಎನ್ನುವವರು ಲಕ್ಷ್ಮೀಶನ ಜೈಮಿನಿ ಭಾರತವನ್ನು ಮರೆತಿದ್ದಾರೆ, ಅಥವಾ ಅದನ್ನು ಷಟ್ಪದಿಯ ಗಮಕಕ್ಕಾಗಿ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಅದರಲ್ಲಿ ನಾರದ ಅರ್ಜುನನಿಗೆ ಹೇಳುವ ಚಂದ್ರಹಾಸನ ಕಥೆ, ಇಂದಿನ ಯಾವ ಪ್ರಕಾಶಕರೂ ಹದಿಹರೆಯದ ಮಾಯಾಕಥೆಯೆಂದು ಹಿಂದುಮುಂದು ನೋಡದೆ ಅಚ್ಚು ಹಾಕಬಹುದಾದ ಕಥೆ. ಕೇರಳದ ಅರಸನಿಗೆ ಹುಟ್ಟಿದ ಕೂಸು ತಂದೆಯನ್ನು ಯುದ್ಧದಲ್ಲೂ ತಾಯಿಯನ್ನು ಅವನ ಬೆನ್ನಿಗೂ ಕಳೆದುಕೊಂಡು, ದಾದಿಯ ಕಂಕುಳಲ್ಲಿ ಕುಂತಳ ದೇಶದ ರಾಜಧಾನಿಗೆ ಬರುತ್ತದೆ. ಕುಂತಳವೆಂದರೆ ಪ್ರಾಚೀನರು ಈ ಉತ್ತರ ಕರ್ನಾಟಕದ ಸೀಮೆಗೇ ಕೊಟ್ಟಿದ್ದ ಹೆಸರು. ದಾದಿಯೂ ಸತ್ತಮೇಲೆ ಹುಡುಗ ಬೀದಿಯಲ್ಲಿ ಬೆಳೆಯುತ್ತಾನೆ, ಕಂಡವರು ಹಾಕಿದ್ದನ್ನು ಉಣ್ಣುತ್ತಾನೆ, ಸಿಕ್ಕಿದ ಸಾಲಿಗ್ರಾಮವನ್ನು ಗೋಲಿಯೆಂದು ಆಡಿ ಆಟ ಮುಗಿದಮೇಲೆ ದವಡೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ಅವನ ಎಡಗಾಲಿಗೆ ಆರು ಬೆರಳು. ಮಂತ್ರಿ ದುಷ್ಟಬುದ್ಧಿಯ ಮನೆಯಲ್ಲಿ ಊಟಕ್ಕೆ ಕೂತ ಬ್ರಾಹ್ಮಣರು ಈ ತಬ್ಬಲಿಯೇ ಮುಂದೆ ನಿನ್ನ ಸಂಪತ್ತಿಗೆಲ್ಲ ಒಡೆಯನಾಗುವನೆಂದು ನುಡಿದದ್ದೇ ತಡ, ಮಂತ್ರಿ ಹುಡುಗನನ್ನು ಕೊಲ್ಲಲು ಕಟುಕರನ್ನು ಕಳಿಸುತ್ತಾನೆ. ಕಾಡಿನಲ್ಲಿ ಕತ್ತಿ ಎತ್ತಿದವರ ಮನಸ್ಸು ಕರಗಿ, ಕೊಂದ ಗುರುತಿಗೆಂದು ಆ ಆರನೆಯ ಬೆರಳನ್ನಷ್ಟೇ ಕಡಿದುಕೊಂಡು ಹೋಗುತ್ತಾರೆ. ಹ್ಯಾರಿಯ ಹಣೆಯ ಮೇಲಿನ ಮಿಂಚಿನ ಗಾಯವನ್ನು ನೋಡಿ ಬೆರಗಾದ ಲೋಕಕ್ಕೆ, ಕೊಲೆಯಿಂದ ಪಾರಾದ ಕೂಸಿನ ಮೈಮೇಲೆ ಆ ಕೊಲೆಯ ಗುರುತನ್ನು ಉಳಿಸುವ ಕಥನತಂತ್ರ ಕನ್ನಡದಲ್ಲಿ ಶತಮಾನಗಳ ಹಿಂದೆಯೇ ಇತ್ತೆಂಬುದು ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ಕನ್ನಡದ ಅಧ್ಯಾಪಕರಿಗೇ ಅದು ಹೊಳೆಯದಿರುವುದು ಆಶ್ಚರ್ಯ.

ಮೊದಲ ಮಾತಿಗೆ ಇಷ್ಟು ಸಾಕು. ಎರಡನೆಯದು ಹೆಚ್ಚು ಗೌರವಕ್ಕೆ ಅರ್ಹ, ಏಕೆಂದರೆ ಅದನ್ನು ಆಡುವವರಲ್ಲಿ ಹಲವರು ಮೂಢನಂಬಿಕೆಯ ವಿರುದ್ಧ ನಿಜವಾಗಿ ಹೋರಾಡಿದವರು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆಗೆ ರಾಜ್ಯದ ವಿಧಾನಮಂಡಲ 2017ರಲ್ಲಿ ಒಪ್ಪಿಗೆ ಕೊಟ್ಟು ಅದು 2020ರಲ್ಲಿ ಜಾರಿಗೆ ಬರುವ ಹೊತ್ತಿಗೆ, ಆ ಹಾದಿಯಲ್ಲಿ ವರ್ಷಗಟ್ಟಲೆಯ ವಾದ, ವಿರೋಧ, ಬೈಗುಳಗಳು ನಡೆದುಹೋಗಿದ್ದವು. ಅಂಥ ನಾಡಿನಲ್ಲಿ ಮಂತ್ರದಂಡ ಹಿಡಿದ ಹುಡುಗನನ್ನು ಆದರ್ಶವಾಗಿ ತೋರಿಸುವುದು ಎಷ್ಟು ಸರಿ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಓದುಗ ಕಥೆಯನ್ನು ನಂಬುವ ಬಗೆಯೂ ಭಕ್ತ ಪವಾಡವನ್ನು ನಂಬುವ ಬಗೆಯೂ ಒಂದೇ ಎಂಬ ಗೃಹೀತದ ಮೇಲೆ ಅದು ನಿಂತಿದೆ, ಆ ಗೃಹೀತ ಎಲ್ಲಿಯೂ ಪರೀಕ್ಷೆಗೆ ಒಳಗಾಗಿಲ್ಲ.

ಪರೀಕ್ಷಿಸಲು ದೊಡ್ಡಾಟದ ಅಟ್ಟವೇ ಸಾಕು. ದೊಡ್ಡಾಟವೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದಮೇಲೆ ರಾತ್ರಿಯಿಡೀ ನಡೆಯುವ ಬಯಲಾಟ. ಕಿರೀಟ, ಭುಜಕೀರ್ತಿ ಕಟ್ಟಿ ಕುಣಿಯುತ್ತ ಬಂದ ಪಾತ್ರವನ್ನು ಸಾರಥಿಯೆಂಬವನು ತಡೆದು, ನೀವು ಯಾರು, ಎಲ್ಲಿಂದ ಬಂದಿರಿ, ನಿಮ್ಮ ನಾಮಾಂಕಿತವೇನು ಎಂದು ಕೇಳುತ್ತಾನೆ, ಪಾತ್ರ ತನ್ನ ಬಿರುದುಗಳನ್ನೆಲ್ಲ ಹೇಳಿಕೊಂಡಮೇಲೆಯೇ ಆಟ ಮುಂದೆ ಸಾಗುತ್ತದೆ. ಸಾರಥಿಗೆ ಉತ್ತರ ಗೊತ್ತಿದೆ, ಕೂತ ಜನಕ್ಕೂ ಗೊತ್ತಿದೆ, ಕಿರೀಟದ ಕೆಳಗೆ ಇರುವವನು ಯಾರ ಹೊಲದಲ್ಲಿ ದುಡಿಯುತ್ತಾನೆಂಬುದೂ ಗೊತ್ತಿದೆ. ನಸುಕಿನ ತನಕ ಅವನ ಗರ್ಜನೆಗೆ ಮೈ ಜುಮ್ಮೆನಿಸಿಕೊಂಡವರು ಬೆಳಗಾದಮೇಲೆ ಅವನಿಗೆ ಮುಜರೆ ಮಾಡುವುದಿಲ್ಲ. ಸಾಲ ಕೊಟ್ಟಿದ್ದರೆ ಅಲ್ಲೇ ಕೇಳುತ್ತಾರೆ. ಕಥೆ ಕಥೆಯೆಂದು ತಿಳಿದೇ ಅದರಲ್ಲಿ ಮುಳುಗುವ ಈ ಶಕ್ತಿ ಓದುಬರಹ ಬಾರದ ಪ್ರೇಕ್ಷಕರಿಗೇ ಇರುವಾಗ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಇಲ್ಲವೆಂದು ಭಾವಿಸುವುದು ಅವನ ಬುದ್ಧಿಗೆ ಮಾಡುವ ಅವಮಾನ. ಮೂಢನಂಬಿಕೆ ಹುಟ್ಟುವುದು ಇದು ಕಥೆಯಲ್ಲ, ನಿಜ ಎಂದು ಹೇಳಿ ಹಣ ಕೇಳುವವರಿಂದ, ದಿನಾ ಬೆಳಿಗ್ಗೆ ಟಿವಿಯಲ್ಲಿ ಕೂತು ರಾಶಿಗೊಂದು ಪರಿಹಾರ ಹೇಳುವವರಿಂದ. ಅವರು ಯಾರೂ ಕಾದಂಬರಿ ಬರೆದವರಲ್ಲ.

ಇನ್ನೂ ಮುಂದೆ ಹೋಗಿ ಹೇಳಬೇಕಾದ ಮಾತೊಂದಿದೆ: ಒಳ್ಳೆಯ ಮಾಯಾಕಥೆ ನಂಬಿಕೆಯನ್ನು ಬೆಳೆಸುವುದಿಲ್ಲ, ಅನುಮಾನವನ್ನು ಬೆಳೆಸುತ್ತದೆ. ಚಂದ್ರಹಾಸನ ಕಥೆಯಲ್ಲಿ ಭವಿಷ್ಯವಾಣಿ ಹೇಗೆ ಕೆಲಸ ಮಾಡುತ್ತದೆಂದು ನೋಡಿದರೆ ಇದು ತಿಳಿಯುತ್ತದೆ. ಬ್ರಾಹ್ಮಣರು ನುಡಿದದ್ದನ್ನು ದುಷ್ಟಬುದ್ಧಿ ಕೇಳಿ ಸುಮ್ಮನಿದ್ದಿದ್ದರೆ ಹುಡುಗ ಕುಂತಳದ ಬೀದಿಯಲ್ಲೇ ಉಳಿಯುತ್ತಿದ್ದ. ಕೊಲ್ಲಲು ಕಾಡಿಗೆ ಅಟ್ಟಿದ್ದರಿಂದಲೇ ಅವನು ಕುಳಿಂದನೆಂಬ ಸಾಮಂತನ ಕೈಗೆ ಸಿಕ್ಕಿ ಅವನ ಮಗನಾಗಿ ಬೆಳೆದ. ಹುಡುಗನನ್ನು ಗುರುತಿಸಿದ ಮಂತ್ರಿ, ಇವನಿಗೆ ವಿಷ ಕೊಡು ಎಂದು ತನ್ನ ಮಗ ಮದನನಿಗೆ ಓಲೆ ಬರೆದು ಅದನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದರಿಂದಲೇ, ಉದ್ಯಾನದಲ್ಲಿ ಮಲಗಿದ್ದ ಅವನನ್ನು ಮಂತ್ರಿಯ ಮಗಳು ವಿಷಯೆ ಕಂಡು, ಓಲೆಯನ್ನು ಓದಿ, ಕಣ್ಣಿನ ಕಾಡಿಗೆಯಿಂದ ಅಕ್ಷರ ತಿದ್ದಿ, ವಿಷದ ಜಾಗದಲ್ಲಿ ತಾನೇ ನಿಂತಳು. ಕೊನೆಗೆ ಕಾಳಿಯ ಗುಡಿಯಲ್ಲಿ ಕಟುಕರನ್ನು ಇರಿಸಿದ್ದರಿಂದಲೇ ಮಂತ್ರಿಯ ಸ್ವಂತ ಮಗ ಸತ್ತ, ಅಳಿಯನಿಗೆ ಕುಂತಳದ ಪಟ್ಟವಾಯಿತು. ನುಡಿದದ್ದು ನಡೆದದ್ದು ನುಡಿಯ ಬಲದಿಂದಲ್ಲ, ಅದಕ್ಕೆ ಅಂಜಿದ ಅಧಿಕಾರಸ್ಥನ ಕೈಚಳಕದಿಂದ. ಹುಡುಗನನ್ನು ನಿರ್ಣಾಯಕ ಗಳಿಗೆಯಲ್ಲಿ ಕಾಯ್ದದ್ದು ಮಂತ್ರವೂ ಅಲ್ಲ, ಒಬ್ಬ ಹುಡುಗಿಗೆ ಓದಲು ಬರೆಯಲು ಬರುತ್ತಿದ್ದದ್ದು. ಇದನ್ನು ಹದಿನಾಲ್ಕರ ವಯಸ್ಸಿನಲ್ಲಿ ಗಮನವಿಟ್ಟು ಓದಿದವರು, ಮುಂದೆ ಯಾರಾದರೂ ಇದು ಹಣೆಬರಹ ಎಂದಾಗ, ಬರೆದವರು ಯಾರು ಎಂದು ಕೇಳುವ ಸಂಭವ ಹೆಚ್ಚು.

ಆ ಪ್ರಶ್ನೆಯನ್ನು ಸುರಪುರದ ಚರಿತ್ರೆಗೇ ಕೇಳಬೇಕಾಗಿದೆ. 1705ರಲ್ಲಿ ವಾಗಣಗೇರಿಯ ಕೋಟೆಯನ್ನು ಮುತ್ತಿದ ಔರಂಗಜೇಬನಿಗೆ ಅದೇ ಕೊನೆಯ ಮುತ್ತಿಗೆಯಾಯಿತು. ಅಲ್ಲಿಂದ ಸುರಪುರಕ್ಕೆ ಬಂದು ನೆಲೆನಿಂತ ಬೇಡ ನಾಯಕರ ಸಂಸ್ಥಾನದಲ್ಲಿ, 1840ರ ದಶಕದ ಆರಂಭದಲ್ಲಿ ಅರಸ ತೀರಿಕೊಂಡಾಗ, ಮಗ ವೆಂಕಟಪ್ಪ ನಾಯಕ ಇನ್ನೂ ಆಡುವ ವಯಸ್ಸಿನ ಹುಡುಗ. ರಾಣಿ ಈಶ್ವರಮ್ಮನಿಗೂ ದರಬಾರಿನ ಬಣಗಳಿಗೂ ನಡುವೆ ನಿಂತು ಸಂಸ್ಥಾನವನ್ನು ನಡೆಸಲು ಬಂದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಇವನು ಬರೀ ಅಧಿಕಾರಿಯಲ್ಲ, ಠಕ್ಕರ ಕುರಿತ ಕಾದಂಬರಿಯೊಂದನ್ನು 1839ರಲ್ಲಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಕಾದಂಬರಿಕಾರ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಸುರಪುರದ ಗುಡ್ಡದ ಮೇಲೆ ನಿಂತಿದೆ. ಹುಡುಗ ರಾಜ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಟೇಲರ್ ಬರೆದುಕೊಂಡಿದ್ದಾನೆ. 1853ರಲ್ಲಿ ಆಡಳಿತ ರಾಜನ ಕೈಗೆ ಬಂತು. ಐದೇ ವರ್ಷದಲ್ಲಿ, 1858ರ ಫೆಬ್ರುವರಿಯಲ್ಲಿ, ಸುರಪುರದಲ್ಲಿ ಬ್ರಿಟಿಷರ ವಿರುದ್ಧ ಕಾಳಗ ನಡೆದು, ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮೊದಲು ಮರಣದಂಡನೆ, ಅದನ್ನು ಇಳಿಸಿ ಗಡೀಪಾರು, ಅದನ್ನೂ ಇಳಿಸಿ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ, ಕಾವಲಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ರಾಜ ಸತ್ತ.

ಇದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ, ಅವನು ಸತ್ತಮೇಲೆ 1877ರಲ್ಲಿ ಹೊರಬಂದ ಪುಸ್ತಕದಲ್ಲಿ, ಹೇಳಿರುವ ರೀತಿಯನ್ನು ಗಮನಿಸಬೇಕು. ರಾಜ ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆಂದು ಅವನ ಜಾತಕದಲ್ಲಿ ಬರೆದಿತ್ತು, ರಾಣಿ ಆ ಗುಟ್ಟನ್ನು ತನಗೆ ಹೇಳಿದ್ದಳು, ಶಿಕ್ಷೆ ಇಳಿದಾಗ ಜಾತಕ ಸುಳ್ಳಾಯಿತೆಂದು ಎಲ್ಲರೂ ಹಿಗ್ಗಿದರು, ಆದರೆ ರಾಜ ತನ್ನ ಕೈಯಾರೆ ಗುಂಡು ಹಾರಿಸಿಕೊಂಡು ನುಡಿದದ್ದನ್ನು ನಿಜ ಮಾಡಿದ ಎಂಬುದು ಅವನ ಕಥನದ ಓಟ. ಇಲ್ಲಿ ಭವಿಷ್ಯವಾಣಿ ಮಾಡುತ್ತಿರುವ ಕೆಲಸ ಏನು? ಸಾಲದ ಹೊರೆ, ಕಂಪನಿಯ ಒತ್ತಡ, 1857ರ ದಂಗೆಯ ಗಾಳಿ, ಕಾವಲಿನಲ್ಲಿದ್ದ ಕೈದಿಯ ಕೈಗೆ ಆಯುಧ ಎಟುಕಿದ್ದು ಹೇಗೆಂಬ ಮುಜುಗರದ ವಿಚಾರ, ಎಲ್ಲವೂ ಜಾತಕದೊಳಗೆ ಸೇರಿ ಮರೆಯಾಗಿ, ಒಬ್ಬ ರಾಜನ ಸಾವಿಗೆ ಗ್ರಹಗಳು ಹೊಣೆಯಾಗುತ್ತವೆ. ರಾಜನನ್ನು ಕೊಂದರೆಂಬ ಸಂಶಯ ಊರಿನ ಮಾತಿನಲ್ಲಿ ಉಳಿದುಬಂದದ್ದು ಸುಮ್ಮನೆ ಅಲ್ಲ. 1860ರಲ್ಲಿ ಸುರಪುರದ ಸೀಮೆಯನ್ನು ಬ್ರಿಟಿಷರು ನಿಜಾಮನಿಗೆ ಒಪ್ಪಿಸಿದ್ದನ್ನು ಮಾತ್ರ ಯಾವ ಜಾತಕವೂ ನುಡಿದಿರಲಿಲ್ಲ, ಅದಕ್ಕೆ ರಾಜತಾಂತ್ರಿಕ ಕಾರಣಗಳಿದ್ದವು.

ಇಡೀ ವಾದದ ತಿರುಳು ಇಲ್ಲಿದೆ. ವಿಚಾರವಂತರು ಅಂಜುವ ಭವಿಷ್ಯವಾಣಿ, ಕಥೆಯೆಂದು ಹೇಳಿಕೊಂಡು ಬಂದ ಜೈಮಿನಿ ಭಾರತದಲ್ಲಿ ನಿರಪಾಯಕಾರಿಯಾಗಿದೆ, ಅಷ್ಟೇ ಅಲ್ಲ, ಅಧಿಕಾರ ಹೇಗೆ ಕೆಲಸ ಮಾಡುತ್ತದೆಂದು ತೋರಿಸುತ್ತದೆ. ಸತ್ಯವೆಂದು ಹೇಳಿಕೊಂಡು ಬಂದ ಬ್ರಿಟಿಷ್ ಅಧಿಕಾರಿಯ ಆತ್ಮಕಥೆಯಲ್ಲಿ ಅದೇ ಭವಿಷ್ಯವಾಣಿ ಅಧಿಕಾರವನ್ನು ಮುಚ್ಚಿಡುತ್ತದೆ. ಮೊದಲನೆಯದನ್ನು ಓದಿದ ಕಣ್ಣಿಗೆ ಎರಡನೆಯದರ ಗುಟ್ಟು ಬೇಗ ಬಿಚ್ಚಿಕೊಳ್ಳುತ್ತದೆ. ವಾಸ್ತವವಾದಿ ಸಾಹಿತ್ಯ ಮಾತ್ರ ಮಕ್ಕಳನ್ನು ವಾಸ್ತವಕ್ಕೆ ಸಿದ್ಧಗೊಳಿಸುತ್ತದೆ ಎನ್ನುವವರು ಟೇಲರನ ಪುಸ್ತಕ ವಾಸ್ತವದ ಸಾಲಿನಲ್ಲೇ ಇದೆಯೆಂಬುದನ್ನು ಮರೆಯಬಾರದು. ಅಲ್ಲದೆ ಭವಿಷ್ಯ ನುಡಿಯುವ ರೂಪವನ್ನೇ ಅಧಿಕಾರಸ್ಥರ ಮೇಲೆ ತಿರುಗಿಸಿದ ಪರಂಪರೆಯೂ ಇದೇ ಸೀಮೆಯದು: ಇಂದಿನ ಹುಣಸಗಿ ತಾಲೂಕಿನ ಕೊಡೇಕಲ್ಲಿನ ಬಸವಣ್ಣನ ಹೆಸರಿನಲ್ಲಿ ಹರಿದುಬಂದ ಕಾಲಜ್ಞಾನವೆಂಬ ಸಾಹಿತ್ಯ, ಮುಂದೆ ಹೀಗಾಗುತ್ತದೆ ಎಂಬ ನೆಪದಲ್ಲಿ ತನ್ನ ಕಾಲದ ದೊಡ್ಡವರನ್ನು ವಿಚಾರಣೆಗೆ ನಿಲ್ಲಿಸುತ್ತದೆ.

ಮಾಯಾಕಥೆಯ ವಿರುದ್ಧ ನಿಜಕ್ಕೂ ಭಾರವಾದ ಆಕ್ಷೇಪವೊಂದಿದೆ. ವಿಚಿತ್ರವೆಂದರೆ ದೂರುವವರು ಅದನ್ನು ಎತ್ತುವುದೇ ಇಲ್ಲ. ಯಾರೂ ಎಣಿಸದ ಹುಡುಗ ನಾಯಕನಾಗುತ್ತಾನೆ ಎನ್ನುವ ಈ ಕಥೆಗಳಲ್ಲಿ ಆ ಹುಡುಗ ಬಹುಮಟ್ಟಿಗೆ ಮೊದಲೇ ಎಣಿಕೆಯಾದವನು. ಚಂದ್ರಹಾಸ ಬೀದಿಯಲ್ಲಿ ಬೆಳೆದರೂ ಕೇರಳದ ಅರಸನ ಮಗ. ಹ್ಯಾರಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿದರೂ ಹೆಸರಾಂತ ಮಾಂತ್ರಿಕ ದಂಪತಿಯ ಮಗ, ಬ್ಯಾಂಕಿನಲ್ಲಿ ಚಿನ್ನ ಉಳ್ಳವನು. ರಕ್ತ ಕೊನೆಗೆ ತನ್ನನ್ನು ತಾನು ತೋರಿಸಿಕೊಳ್ಳುತ್ತದೆ ಎಂಬ ಸಂದೇಶ ಜಾತಿಯ ನಾಡಿನಲ್ಲಿ ಮುಗ್ಧವಾದದ್ದಲ್ಲ, ಮತ್ತು ಅದನ್ನು ಸುಮ್ಮನೆ ಬಿಟ್ಟುಬಿಡುವುದು ಪ್ರಾಮಾಣಿಕತೆಯಾಗದು. ಆದರೆ ಈ ದೋಷಕ್ಕೆ ಮದ್ದು ಮಾಯಾಕಥೆಯನ್ನು ಬಿಡುವುದಲ್ಲ, ಬೇರೆ ಮಾಯಾಕಥೆಯನ್ನು ಆರಿಸುವುದು. ಲೆ ಗ್ವಿನ್ನಳ ಮಾಂತ್ರಿಕ ಯಾವ ಅರಸನ ಮಗನೂ ಅಲ್ಲ, ಕಂಚುಗಾರನ ಮಗ, ಮೇಕೆ ಕಾಯ್ದ ಹುಡುಗ. ಅವನಿಗಿಂತ ಎಷ್ಟೋ ಮೊದಲು ಕನ್ನಡದ ಮಂಟೇಸ್ವಾಮಿ ಮಹಾಕಾವ್ಯದಲ್ಲಿ, ಅಂದರೆ ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಯಲ್ಲಿ ನೀಲಗಾರರೆಂಬ ಗಾಯಕರು ರಾತ್ರಿಗಟ್ಟಲೆ ಹಾಡುವ ಮೌಖಿಕ ಕಾವ್ಯದಲ್ಲಿ, ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ ಮಂಟೇಸ್ವಾಮಿಗೆ ಶಿಶುಮಗನಾಗಿ, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡಲು ಹೋಗಿ, ಅಲ್ಲಿ ಒಂದರ ಮೇಲೊಂದು ಪರೀಕ್ಷೆಗೆ ಮೈಯೊಡ್ಡಿ, ವಿಷವನ್ನೂ ಅರಗಿಸಿಕೊಂಡು ಸಿದ್ದಪ್ಪಾಜಿಯಾಗುತ್ತಾನೆ. ಅವನಿಗೆ ಗುಟ್ಟಿನ ರಾಜವಂಶವಿಲ್ಲ. ಅವನನ್ನು ಪೀಡಿಸುವವರು ಅವನದೇ ಕಸುಬಿನವರು, ಅದರಲ್ಲಿ ಅಧಿಕಾರ ಹಿಡಿದವರು. ಹದಿಹರೆಯದವರಿಗೆ ಇದಕ್ಕಿಂತ ಕಟುವಾದ ಸಾಮಾಜಿಕ ಕಥೆಯನ್ನು ವಾಸ್ತವವಾದದ ಹೆಸರಿನಲ್ಲಿ ಕೊಟ್ಟವರು ಎಷ್ಟು ಮಂದಿ? ಮಂಟೇಸ್ವಾಮಿಯ ಪರಂಪರೆಗೂ ಕೊಡೇಕಲ್ಲಿಗೂ ನಂಟು ಕಾಣುವ ವಿದ್ವಾಂಸರಿದ್ದಾರೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಇಂದಿಗೂ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನೂ ವಿಶ್ವಕರ್ಮರ ಮನೆಯಲ್ಲೇ ಹುಟ್ಟಿದವನು. ಕುಲುಮೆಯ ಮುಂದೆ ಬೆಳೆದ ನಾಯಕರು ಈ ಸೀಮೆಗೆ ಹೊಸಬರಲ್ಲ.

ಮೂರನೆಯ ಮಾತಿಗೆ, ಅಂದರೆ ಹಿಂದುಳಿದ ಜಿಲ್ಲೆಗೆ ಇದು ದುಬಾರಿ ಎಂಬುದಕ್ಕೆ, ಹೆಚ್ಚು ಜಾಗ ಬೇಕಿಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇಕಡ 50.59ರೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿ ಇದ್ದದ್ದು ನಿಜ, ಮತ್ತು ಅದನ್ನು ತೋರಿಸಿ, ಕಥೆಪುಸ್ತಕ ಬದಿಗಿಟ್ಟು ಗೈಡು ಓದಿಸಿ ಎನ್ನುವುದು ಸುಲಭ. ಆದರೆ ಗೈಡು ಓದಿಸಿಯೇ ಆ ಫಲಿತಾಂಶ ಬಂದದ್ದು. ಯಾರ ಒತ್ತಾಯವೂ ಇಲ್ಲದೆ, ಮುಂದೇನಾಯಿತೆಂಬ ಕುತೂಹಲಕ್ಕಾಗಿಯೇ ಮುನ್ನೂರು ಪುಟ ಓದಿದ ಅನುಭವ ಒಮ್ಮೆಯೂ ಆಗದ ವಿದ್ಯಾರ್ಥಿಗೆ ಸಮಾಜವಿಜ್ಞಾನದ ಐದು ಪುಟವೂ ಬೆಟ್ಟವಾಗುತ್ತದೆ.

ನಿಜವಾದ ಕೊರತೆ ಎಲ್ಲಿದೆಯೆಂಬುದನ್ನು ಈ ದೂರುಗಳು ಮುಚ್ಚಿಬಿಟ್ಟಿವೆ. ಎಳೆಯರಿಗೆ ಕನ್ನಡ ಕೈಬಿಚ್ಚಿ ಕೊಟ್ಟಿದೆ: ಬ್ರೌನಿಂಗನ ಕಥನಕವನವನ್ನು ಕುವೆಂಪು ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿಯನ್ನು ಕನ್ನಡದವನನ್ನಾಗಿ ಮಾಡಿದರು, ಅನುಪಮಾ ನಿರಂಜನ ದಿನಕ್ಕೊಂದು ಕಥೆ ಕಟ್ಟಿಕೊಟ್ಟರು. ಹನ್ನೆರಡರಿಂದ ಹದಿನೆಂಟರ ಓದುಗರಿಗೆ ಸ್ವಲ್ಪ ಕಾಲ ಆಸರೆಯಾದದ್ದು ಚಂದಮಾಮದ ಧಾರಾವಾಹಿಗಳು. ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದು, ಚಿತ್ರಾ ಎಂಬ ಹೆಸರಿನ ಕಲಾವಿದ ಚಿತ್ರ ಬಿಡಿಸಿ, ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಹೋದ ಆ ಕಥೆಗಳಲ್ಲಿ ಸಾಧಾರಣ ಯುವಕರು ಮಾಂತ್ರಿಕರ ಕೋಟೆಗಳನ್ನು ಹೊಕ್ಕು ಬರುತ್ತಿದ್ದರು, ಮತ್ತು ಅವನ್ನು ಓದಿದ ತಲೆಮಾರಿನಲ್ಲಿ ಮಾಟಮಂತ್ರದ ದಾಸರಿಗಿಂತ ಕಾಲೇಜಿನ ಮೇಷ್ಟರುಗಳೇ ಹೆಚ್ಚು ಹುಟ್ಟಿದರೆಂದು ಹೇಳಿದರೆ ಅದು ಲೆಕ್ಕವಲ್ಲ, ಊಹೆ, ಆದರೆ ತೀರ ತಪ್ಪಾದ ಊಹೆಯಲ್ಲ. ಆಮೇಲೆ ಆ ಪತ್ರಿಕೆಯೂ ನಿಂತಿತು. ಪ್ರೌಢರಿಗೆ ಚಂದ್ರಶೇಖರ ಕಂಬಾರರ ಶಿಖರಸೂರ್ಯ ಇದೆ, ಗಿರೀಶ ಕಾರ್ನಾಡರ ನಾಗಮಂಡಲ ಇದೆ. ವಿಮರ್ಶೆ ಅಲ್ಲಿ ಮಾಯೆಯನ್ನು ರೂಪಕವೆಂದು ಗೌರವದಿಂದ ಬರಮಾಡಿಕೊಳ್ಳುತ್ತದೆ. ಅದೇ ಮಾಯೆ ಹದಿನಾಲ್ಕರ ಹುಡುಗಿಯ ಕೈಗೆ ಬಂದಾಗ ಮಾತ್ರ ಮೂಢನಂಬಿಕೆಯಾಗುವುದು ಯಾವ ನ್ಯಾಯವೋ ತಿಳಿಯದು. ಎಳೆಯರ ಕಪಾಟಿಗೂ ಹಿರಿಯರ ಕಪಾಟಿಗೂ ನಡುವೆ ಖಾಲಿ ಬಿದ್ದ ಜಾಗವನ್ನು ಇಂಗ್ಲಿಷ್ ತುಂಬಿತು. ತುಂಬಿದಮೇಲೆ, ನೋಡಿ, ಇದು ಇಂಗ್ಲಿಷಿನ ಸರಕು ಎಂಬ ಮಾತು ಹುಟ್ಟಿತು.

ಸುರಪುರದ ಬಾಲರಾಜನ ಕಥೆಯನ್ನು ಹದಿಹರೆಯದವರಿಗಾಗಿ ಕನ್ನಡದಲ್ಲಿ ಬರೆಯಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಜಾತಕವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು. ಬಿಟ್ಟರೆ ಅದು ಪಠ್ಯಪುಸ್ತಕದ ಸ್ವಾತಂತ್ರ್ಯವೀರನ ಪಾಠವಾಗುತ್ತದೆ, ಅಂಥವು ಸಾಕಷ್ಟಿವೆ. ಇಟ್ಟುಕೊಂಡರೆ ಅದನ್ನು ಯಾರು ಬರೆದರು, ಯಾರು ಯಾರಿಗೆ ಓದಿ ಹೇಳಿದರು, ಇಪ್ಪತ್ತನಾಲ್ಕೆಂಬ ಅಂಕಿ ಹುಡುಗನ ಕಿವಿಗೆ ಎಂದು ಬಿತ್ತು, ಅದನ್ನು ತಿಳಿದ ಅಧಿಕಾರಿ ಅದರಿಂದ ಏನು ಮಾಡಿಕೊಂಡ ಎಂದು ಅಧ್ಯಾಯ ಅಧ್ಯಾಯವಾಗಿ ಬಿಡಿಸಬೇಕಾಗುತ್ತದೆ, ಮತ್ತು ಕೊನೆಯ ಅಧ್ಯಾಯದಲ್ಲಿ ಆ ಪಿಸ್ತೂಲಿನ ಕುದುರೆಯ ಮೇಲೆ ಯಾರ ಬೆರಳಿತ್ತೆಂದು ಕಥೆಗಾರರು ಆರಿಸಲೇಬೇಕಾಗುತ್ತದೆ. ಟೇಲರ್ ತನ್ನ ಆಯ್ಕೆಯನ್ನು ಬರೆದಿಟ್ಟು ಹೋಗಿ ನೂರೈವತ್ತು ವರ್ಷದ ಹತ್ತಿರವಾಯಿತು.